ಗೇಟಿಗೆ ಕಟ್ಟಿದ ಕಾಡಡಿಕೆ

ಭಾನುವಾರ ದೋಣಿಗಲ್‌ನಲ್ಲಿ ನಮ್ಮನೆಯವರ ದಾಯಾದಿಗಳ ಗೃಹಪ್ರವೇಶ. ಕಾರಿಂದ ಇಳಿಯುತ್ತಿದ್ದ ಹಾಗೇ ಹಸಿ ಕಾಂಡ ಕಡಿದ ವಾಸನೆ ಬಂತು. ಗೇಟಿನ ಎರಡೂ ಕಡೆ, ಬಾಳೆಕಂದು ಇರಬೇಕಾದ ಜಾಗದಲ್ಲಿ, ಕಾಡಡಿಕೆ ನಿಂತಿತ್ತು. ಬುಡಕ್ಕೇ ಕಡಿದು ತಂದು ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದಿದ್ದರು. ಗೊನೆ ಇನ್ನೂ ಕೆಂಪಗೆ ತೂಗುತ್ತಿತ್ತು. ಸಿಟ್ಟು ಅಲ್ಲೇ ಹತ್ತಿತು. ಹೋಳಿಗೆ ತಿಂದರೂ ಇಳಿಯಲಿಲ್ಲ. ಹೋಳಿಗೆ ಎರಡು ತಿಂದೆ, ಅದು ಬೇರೆ ಮಾತು.

ನೀವು ಅದನ್ನು ನೋಡಿದ್ದರೂ ಅಡಿಕೆ ಸಸಿ ಅಂದುಕೊಂಡು ದಾಟಿ ಹೋಗಿರುತ್ತೀರಿ. ಹಳ್ಳದ ಪಕ್ಕ, ದೊಡ್ಡ ಮರಗಳ ನೆರಳಲ್ಲಿ, ಹಿಂಡುಹಿಂಡಾಗಿ ಬೆಳೆಯುತ್ತದೆ. ಕೋಲಿನಷ್ಟು ಸಣ್ಣ ಹಸಿರು ಕಾಂಡ, ಅದರ ಮೈತುಂಬ ಬಳೆ ತೊಟ್ಟಂಥ ಗೆರೆ. ಗರಿಯ ತುದಿ ಯಾರೋ ಕಚ್ಚಿ ಬಿಟ್ಟ ಹಾಗಿರುತ್ತದೆ. ಮೇಲಿನ ಮರ ಹೋಗಿ ಬಿಸಿಲು ಬಿತ್ತೆಂದರೆ ಸೊರಗುತ್ತದೆ.

ಇದನ್ನು ನನಗೆ ತೋರಿಸಿದ್ದು ನಮ್ಮತ್ತೆ. ಸಕಲೇಶಪುರದಿಂದ ಘಾಟಿ ಕಡೆ ಹೋಗುವಾಗ ಮಾರನಹಳ್ಳಿಗೆ ಸ್ವಲ್ಪ ಮೊದಲೇ ನಮ್ಮ ಕಾಫಿ ತೋಟ. ಅದರ ತಗ್ಗಿನ ಹಳ್ಳದಲ್ಲಿ ಒಂದು ಹಿಂಡು ಇದೆ. ಮನೆಯಲ್ಲಿ ಅಡಿಕೆ ಮುಗಿದಾಗ ಅತ್ತೆ ಎಲೆಗೆ ಅದರ ಕಾಯನ್ನೇ ಹಾಕಿಕೊಳ್ಳುತ್ತಿದ್ದರು. ಕಾಂಡವನ್ನು ಮೆಲ್ಲಗೆ ಬಗ್ಗಿಸಿ, ಬೇಕಾದಷ್ಟು ಕಿತ್ತು, ಅಷ್ಟೇ ಮೆಲ್ಲಗೆ ಮೇಲಕ್ಕೆ ಬಿಡುತ್ತಿದ್ದರು. "ಒಂದೇ ಸಲ ಬುಟ್ಬುಟ್ರೆ ಸಿಡಿದು ಮುರೀತದೆ ಕಣೇ. ಅರ್ಧ ಗೊನೆ ಹಕ್ಕಿಗಿರ್ಲಿ, ಅವು ತಿಂದು ಉಗುಳಿದ್ರೇನೇ ಇನ್ನೊಂದು ಹುಟ್ಟೋದು." ಅಷ್ಟು ನಾಜೂಕನ್ನು ಅತ್ತೆ ಒಂದು ದಿನವಾದರೂ ನನ್ನ ಮೇಲೆ ತೋರಿಸಿದ್ದು ನೆನಪಿಲ್ಲ. ಹಳ್ಳದ ಹತ್ತಿರ ಮಾತ್ರ ಅವರ ಕೈ ಬೇರೆಯೇ ಆಗುತ್ತಿತ್ತು.

ಡೆಕೊರೇಷನ್ ಮಾಡಿದ್ದ ಮಂಜ ಊಟದ ಮನೆ ಹತ್ತಿರವೇ ಸಿಕ್ಕಿದ.

"ಇದನ್ನ ಯಾಕೋ ಕಡಿದೆ?"

"ಬಾಳೆಕಂದು ಕಟ್ಟಲ್ವಾ ಅಕ್ಕ, ಹಂಗೇನೇ. ಬಾಳೆ ಈಗ ಯಾರ್ಗೂ ಬ್ಯಾಡ. ಇದು ಫೋಟೋಗೆ ಏನು ಚೆಂದ ಬರ್ತದೆ ಗೊತ್ತಾ? ಗೊನೆ ಇರೋದ್ನೇ ಹುಡುಕಿ ತಂದಿವ್ನಿ."

ಹಂಗೇನೇ ಅಂತೆ! ಬಾಳೆ ನಾವು ನೆಟ್ಟಿದ್ದು. ಗೊನೆ ಬಿಟ್ಟ ಮೇಲೆ ಅದರ ಆಯುಷ್ಯ ಮುಗಿಯಿತು, ಕಡಿದರೆ ಪಕ್ಕದ ಕಂದು ಏಳುತ್ತದೆ. ಕಾಡಡಿಕೆಯನ್ನು ಯಾರೂ ನೆಟ್ಟಿಲ್ಲ. ಗೊನೆ ಬಿಡುವಷ್ಟಾಗಲು ವರ್ಷಗಟ್ಟಲೆ ಬೇಕು, ಬಿಟ್ಟ ಮೇಲೂ ವರ್ಷಗಟ್ಟಲೆ ಬಾಳುತ್ತದೆ. ಕಡಿದ ಕಾಂಡ ಮತ್ತೆ ಚಿಗುರುವುದಿಲ್ಲ. ಬೀಜ ಕೊಡುವಂಥದ್ದನ್ನೇ ಆರಿಸಿ ಆರಿಸಿ ಕಡಿದರೆ ಹಿಂಡಿನಲ್ಲಿ ಉಳಿಯುವುದೇನು? ಇಷ್ಟನ್ನೂ ಅವನಿಗೆ ಹೇಳಿದೆ. ಅವನು ನಕ್ಕ.

"ಬೈಬ್ಯಾಡಿ ಅಕ್ಕ. ಮುಂದಿನ ವಾರ ಕುಂದೂರಲ್ಲಿ ನಿಮ್ ತಂಗಿ ಮನೆ ನಾಮಕರಣಕ್ಕೂ ಇದ್ನೇ ಕಟ್ತೀನಿ. ನಿಮ್ ಹಳ್ಳದಾಗೆ ಐತಂತಲ್ಲ, ಅಣ್ಣ ಹೂಂ ಅಂದವ್ರೆ."

ಅಣ್ಣ ಅಂದರೆ ನಮ್ಮನೆಯವರು. ಮಜ್ಜಿಗೆ ಲೋಟದಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ದಾರಿಯಲ್ಲಿ ಕೇಳಿದರೆ, "ಕಾಡು ಗಿಡ ಮಾರಾಯ್ತಿ, ಏನೋ ಕೇಳಿದ, ಹೂಂ ಅಂದೆ" ಅಂದರು. ಕಾಫಿ ಗಿಡದ ಒಂದು ರೆಂಬೆ ಮುರಿದರೆ ಊರಿಗೆಲ್ಲ ಕೇಳುವ ಹಾಗೆ ಕೂಗುವ ಮನುಷ್ಯ!

ಇವತ್ತು ಬೆಳಿಗ್ಗೆ ಮಂಜ ಕತ್ತಿ ಹಿಡಿದು ಪಿಕಪ್ ತಂದೇಬಿಟ್ಟ. ನಮ್ಮನೆಯವರು ಸ್ಟೋರ್ ಕಡೆ ಜಾರಿದರು. ನಾನು ಹಳ್ಳಕ್ಕೆ ಇಳಿಯುವ ದಾರಿಯಲ್ಲೇ ನಿಂತೆ.

"ಬಾಳೆ ಬೇಕಾದ್ರೆ ಎಷ್ಟು ಬೇಕಾದ್ರೂ ಕಡ್ಕೋ. ಕೆಳಗೆ ಇಳೀಬೇಡ."

"ನೀವು ಕೊಡ್ದಿದ್ರೆ ಏನಕ್ಕ, ಘಾಟಿ ಕೆಳಗೆ ಬೇಕಾದಷ್ಟು ಐತೆ" ಅಂತ ಗಾಡಿ ತಿರುಗಿಸಿದ.

ಸ್ಟೋರಿಂದ ಹೊರಗೆ ಬಂದ ನಮ್ಮನೆಯವರು, "ನಿನ್ನ ಗಿಡ ಉಳೀತಲ್ಲ, ಈಗ ಸಮಾಧಾನ ಆಯ್ತಾ?" ಅಂದರು. ಯಾವ ಸಮಾಧಾನ? ಗಾಡಿ ಸಕಲೇಶಪುರದ ಕಡೆ ಹೋಗಲಿಲ್ಲ, ಘಾಟಿ ಕಡೆ ಹೋಯಿತು. ಅಲ್ಲಿನ ಹಳ್ಳಗಳಿಗೆ ಅಡ್ಡ ನಿಲ್ಲುವವರು ಯಾರು?

ತಂಗಿಗೆ ಫೋನ್ ಮಾಡಿದೆ. "ನಿಮ್ಮನೆ ಗೇಟಿಗೆ ಕಾಡಡಿಕೆ ಕಟ್ಟಿದ್ರೆ ನಾನು ಒಳಗೆ ಕಾಲಿಡಲ್ಲ."

"ಅಯ್ಯೋ, ಒಂದು ಗಿಡಕ್ಕೆ ಇಷ್ಟು ಸಿಟ್ಟೇನೇ ಅಕ್ಕ? ನಾಮಕರಣದಲ್ಲಿ ಮಗು ಹೆಸರು ಕೂಗೋಳೇ ನೀನು!"

"ಹೂಂ, ಇಷ್ಟೇ ಸಿಟ್ಟು. ಈಗ್ಲೇ ಮಂಜಂಗೆ ಫೋನ್ ಮಾಡಿ ಬೇಡ ಅನ್ನು. ಗಾಡಿ ಇನ್ನೂ ಮಾರನಹಳ್ಳಿ ದಾಟಿರಲ್ಲ."