ನವಿಲೊಂದನ್ನೇ ಎಣಿಸಿ ಹೋದವರು

ಇಷ್ಟು ವರ್ಷ ಆದರೂ ಆ ಸಾಹೇಬರ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ಇಳಿಯಲಿ ಅಂತ ನಾನು ಪ್ರಯತ್ನವನ್ನೂ ಮಾಡಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಇಳಕಲ್ಲಿನ ಅಂಚಿಗೆ ನಮ್ಮದೇ ಕೊನೆಯ ಮನೆ. ಹಿತ್ತಲ ಗೋಡೆಯ ಆಚೆ ಒಂದು ಗುಡ್ಡ. ಬಂದರಿ ಗಿಡ, ಕವಳಿ, ಬಾರಿಹಣ್ಣಿನ ಮುಳ್ಳುಕಂಟಿ, ನಡುನಡುವೆ ಕೆಂಪು ಬಂಡೆ. ಬಸ್ಸಿನಿಂದ ನೋಡಿದವರಿಗೆ ಅದು ಬರಡು. ನನ್ನ ಅಡಿಗೆಮನೆಯ ಕಿಟಕಿ ಆ ಕಡೆಗಿತ್ತು, ಹಾಗಾಗಿ ನನಗೆ ಬರಡಲ್ಲ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಂಡ ಹಕ್ಕಿಯನ್ನು ಅಂದೇ ಬರೆದಿಡಲು ಕಲಿಸಿದ್ದರು. ಮದುವೆಯಾದ ಮೇಲೂ ಆ ಚಟ ಬಿಡಲಿಲ್ಲ. ರೊಟ್ಟಿ ಬಡಿಯುತ್ತ ನೋಡಿದ್ದನ್ನು ಕೈ ತೊಳೆದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಕೌಜುಗ ಎರಡು ಸಲ ಕೂಗಿತು. ಲಾವಕ್ಕಿ ತನ್ನ ಮರಿಗಳನ್ನು ಸಾಲು ಹಿಡಿಸಿ ಕಂಟಿಯೊಳಗೆ ನುಗ್ಗಿತು. ಬಂಡೆಯ ಮೇಲೆ ಉಡ, ಬಾಲ ಅರ್ಧ ತುಂಡು.

ನನಗಿಂತ ಚೆನ್ನಾಗಿ ಆ ಗುಡ್ಡವನ್ನು ಬಲ್ಲವಳು ನಮ್ಮ ಎಮ್ಮೆಗೆ ಹುಲ್ಲು ತರುತ್ತಿದ್ದ ಬೂಬು. ಗುಡ್ಡವೇ ಅವಳ ಅನ್ನ. ಮಳೆಗಾಲದಲ್ಲಿ ಹುಲ್ಲು, ಬೇಸಿಗೆಯಲ್ಲಿ ಕವಳಿಹಣ್ಣು. ಒಂದು ದಿನ ಹೊರೆ ಸಣ್ಣದಾಗಿದೆಯಲ್ಲ ಅಂದರೆ, “ಅಲ್ಲಿ ಕೌಜುಗದ ತತ್ತಿ ಅದಾವ್ರೀ ಅಕ್ಕಾರ. ಆ ಜಾಗಾ ಬಿಟ್ಟು ಕೊಯ್ದೇನಿ. ಮರಿ ಎದ್ದ ಮ್ಯಾಲೆ ನಿಮ್ಮ ಎಮ್ಮಿಗೇ ಬರ್ತೈತಿ, ಎಲ್ಲಿಗ್ಹೋಗ್ತೈತಿ?” ಅಂದಿದ್ದಳು.

ಆ ಗುಡ್ಡವನ್ನು ಕಲ್ಲಿನ ಗಣಿಗೆ ಕೊಡಬಹುದೋ ಇಲ್ಲವೋ ಎಂದು ನೋಡಲು ಅರಣ್ಯ ಕಚೇರಿಯಿಂದ ಸಾಹೇಬರು ಬಂದರು. ನಮ್ಮವರಿಗೆ ಹಳೆಯ ಪರಿಚಯ. ನಮ್ಮ ಹಿತ್ತಲಲ್ಲೇ ಕುರ್ಚಿ ಹಾಕಿಸಿಕೊಂಡು, ಚುರುಮುರಿ ಸೂಸಲ ತಿನ್ನುತ್ತ, ಗೋಡೆಯ ಮೇಲಿನ ನವಿಲುಗಳನ್ನು ಎಣಿಸಿದರು. ಹನ್ನೊಂದು.

“ನೋಡ್ರಿ ತಾಯಾರ, ನವಿಲಿಗೆ ಹಾವು ಬೇಕು, ಹುಳಾ ಬೇಕು, ಕಾಳು ನೀರು ಎಲ್ಲಾ ಬೇಕು. ಒಂದು ಹಕ್ಕಿ ಎಣಿಸಿದ್ರ ಇಡೀ ಗುಡ್ಡಾ ಎಣಿಸಿದಂಗ. ಈ ಗುಡ್ಡಕ್ಕ ಏನೂ ಧಾಡಿ ಆಗಿಲ್ಲ. ಒಂದು ಮಗ್ಗಲಾ ಕಲ್ಲು ತಗದ್ರ ಇವಕ್ಕ ಗೊತ್ತೂ ಆಗೂದಿಲ್ಲ.”

ನನಗೆ ತಡೆಯಲಾಗಲಿಲ್ಲ. “ಅವು ಗುಡ್ಡದ ಲೆಕ್ಕಕ್ಕ ಬರೂದಿಲ್ರಿ. ನಮ್ಮ ಅತ್ತಿಯವರು ದಿನಾ ಪೂಜಿ ಮುಗಿಸಿ ಗೋಡಿ ಮ್ಯಾಲೆ ಜೋಳ ಹಾಕ್ತಾರ, ಅದಕ್ಕ ಬರ್ತಾವ.”

“ನಿಮ್ಮ ಅತ್ತಿಯವರ ಬೊಗಸಿಯೊಳಗ ಹನ್ನೊಂದು ನವಿಲು ಬಾಳೇ ಮಾಡ್ತಾವೇನ್ರಿ?” ಅಂತ ಅವರು ನಕ್ಕರು. ನಮ್ಮವರೂ ನಕ್ಕು, ಚಹಾ ತಾ ಎಂದು ನನಗೆ ಕಣ್ಣಲ್ಲೇ ಹೇಳಿದರು. ಗುಡ್ಡದ ಬುಡಕ್ಕೂ ಸಾಹೇಬರು ಕಾಲಿಡಲಿಲ್ಲ. ಅವರ ಬೂಟಿಗೆ ಧೂಳು ಹತ್ತಿರಲಿಲ್ಲ, ನಾನು ನೋಡಿದೆ.

ತಿಂಗಳ ಮೇಲೆ ಇನ್ನೊಮ್ಮೆ ಎಣಿಸಲು ಬರುತ್ತಾರೆಂದು ತಿಳಿಯಿತು. ಆಗ ನಾನೊಂದು ಉಪಾಯ ಮಾಡಿದೆ. ಜಾಣತನ ಅಂದುಕೊಂಡಿದ್ದೆ. ಅತ್ತೆಯವರ ಮುಂದೆ ಕುಳಿತು, ಎಂಟು ದಿನ ಕಾಳು ಹಾಕಬೇಡಿ, ನವಿಲು ಯಾಕೆ ಬರುತ್ತವೆಂದು ಸಾಹೇಬರಿಗೆ ತೋರಿಸೋಣ ಎಂದೆ.

“ಪಕ್ಷಿ ಬಾಯಾಗಿನ ಕಾಳು ಕಸಗೊಂಡು ನಾ ಯಾವ ಬಾಯಿಲೆ ಪ್ರಸಾದ ತಗೊಳ್ಳಲಿ? ಕಾನ್ವೆಂಟಿನ್ಯಾಗ ಇದನ್ನ ಕಲಿಸ್ಯಾರೇನು?” ಎಂದು ಅವರು ಮುಖ ತಿರುಗಿಸಿದರು. ಕೊನೆಗೆ, ಗುಡ್ಡ ಹೋದರೆ ಬೂಬುಗೆ ಹುಲ್ಲೆಲ್ಲಿ ಎಂದಾಗ ಸ್ವಲ್ಪ ಕರಗಿ, ಎಂಟು ದಿನ ಮುಂಬಾಗಿಲಲ್ಲಿ ಗುಬ್ಬಿಗಳಿಗೆ ಹಾಕಿದರು. ನವಿಲುಗಳು ಮೊದಲೆರಡು ದಿನ ಗೋಡೆಯ ಮೇಲೆ ನಿಂತು ಕೂಗಿದವು. ಹಿತ್ತಲಿಗೆ ಹೋಗಲು ನನಗೇ ನಾಚಿಕೆ. ಆಮೇಲೆ ಎಲ್ಲಿಗೋ ಹೋದವು.

ಸಾಹೇಬರು ಬಂದರು. ಗೋಡೆ ಖಾಲಿ. ನಾನು ಸೆರಗು ಸರಿಮಾಡಿಕೊಂಡು ನೋಟುಬುಕ್ಕು ಮುಂದೆ ಇಟ್ಟೆ. “ಈಗರ ಇದನ್ನ ನೋಡ್ರಿ. ಗುಡ್ಡದ ಮ್ಯಾಲಿನ ಖರೇ ಒಕ್ಕಲು ಇದರಾಗದಾವ.”

ಅವರು ಅದರ ಮೇಲೆ ಚಹಾದ ಬಟ್ಟಲು ಇಟ್ಟರು.

“ನವಿಲೇ ಇಲ್ಲಂದ ಮ್ಯಾಲೆ ಮುಗೀತಲ್ರಿ. ಗುಡ್ಡಾ ಸತ್ತು ಹೋಗೇತಿ. ಸತ್ತಿದ್ದಕ್ಕ ಕಲ್ಲು ತಗದ್ರ ಯಾರಿಗೇನು ಲುಕ್ಸಾನು?”

ಹೋದ ತಿಂಗಳು ನವಿಲಿತ್ತು, ಆದ್ದರಿಂದ ಗುಡ್ಡ ಕೊಡಬಹುದು. ಈ ತಿಂಗಳು ನವಿಲಿಲ್ಲ, ಆದ್ದರಿಂದಲೂ ಕೊಡಬಹುದು! ಹಾಗಾದರೆ ಎಣಿಸಿದ್ದಾದರೂ ಯಾಕೆ? ಗಂಡಸರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. “ನವಿಲು ನಮ್ಮ ಹಿತ್ತಲಾ ಬಿಟ್ಟಾವ್ರಿ, ಗುಡ್ಡಾ ಸತ್ತಿಲ್ಲ. ಹತ್ತಿ ನೋಡ್ರಿ. ಈಗ, ನನ್ನ ಕೂಡ ಬರ್ರಿ.” ನಮ್ಮವರು “ಸಾಕು” ಅಂದರು. ಸಾಹೇಬರು ಗಡಿಯಾರ ನೋಡಿಕೊಂಡು, ಬಾದಾಮಿಯಲ್ಲಿ ರೈಲು ಹಿಡಿಯಬೇಕು ಎಂದು ಎದ್ದರು.

ಇದನ್ನೆಲ್ಲ ಬೂಬುಗೆ ಹೇಳಿದೆ. ಹೊರೆ ಇಳಿಸಿ, ತಲೆಯ ಸಿಂಬೆಯನ್ನು ಬಿಚ್ಚಿ ಝಾಡಿಸಿದಳು. “ದಿನಾ ಹತ್ತಾಕಿ ನಾನ್ರೀ. ನನ್ನ ಯಾರೂ ಒಂದು ಮಾತು ಕೇಳಲಿಲ್ಲಲ್ರೀ?”

ಅಂದೇ ಕುಳಿತು ಸಾಹೇಬರ ಕಚೇರಿಗೆ ಪತ್ರ ಬರೆದೆ. ಕಾನ್ವೆಂಟಿನ ಒಳ್ಳೆಯ ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ, ನಾಲ್ಕು ಪುಟ. ಕೌಜುಗ, ಲಾವಕ್ಕಿ, ಉಡ, ಮೊಲ, ಹೆಸರು ಗೊತ್ತಿಲ್ಲದ ಆ ಕಂದು ಬಣ್ಣದ ಗೂಬೆ, ಯಾವ ಕಂಟಿಯಲ್ಲಿ ಯಾರ ಗೂಡು ಎಂಬುದನ್ನೆಲ್ಲ ಬೂಬುವನ್ನು ಕೇಳಿ ಕೇಳಿ ಬರೆದೆ. ಕೊನೆಗೆ ನನ್ನ ಸಹಿ, ಅದರ ಪಕ್ಕ ಅವಳ ಹೆಬ್ಬೆಟ್ಟು. ಅಂಚೆಪೆಟ್ಟಿಗೆಗೆ ನಾನೇ ನಡೆದು ಹೋಗಿ ಹಾಕಿ ಬಂದೆ.

ಉತ್ತರ ಬರುವಷ್ಟರಲ್ಲಿ ಗುಡ್ಡದ ಒಂದು ಮಗ್ಗುಲು ಹೋಗಿತ್ತು. ಬೂಬು ಹುಲ್ಲಿಗೆ ಹುನಗುಂದದ ದಾರಿ ಹಿಡಿದು ಎರಡು ಹರದಾರಿ ನಡೆಯುತ್ತಿದ್ದಳು. ಲಕೋಟೆ ಒಡೆದಾಗ ಅವಳೂ ಹತ್ತಿರ ಬಂದು, “ಏನಂತಾರ್ರೀ ಅಕ್ಕಾರ?” ಎಂದಳು. ಟೈಪು ಮಾಡಿದ ಒಂದೇ ಸಾಲು. ತಮ್ಮ ನವಿಲು ಪ್ರೇಮಕ್ಕೆ ಧನ್ಯವಾದಗಳು.

ನನ್ನ ನಾಲ್ಕು ಪುಟಗಳಲ್ಲಿ ನವಿಲಿನ ಹೆಸರನ್ನೇ ನಾನು ಎತ್ತಿರಲಿಲ್ಲ.