ನಾ ಎಲ್ಲಿ ಮುಟ್ಟೀನಿ?

ಕಂಪ್ಯೂಟರ್‌ಗೆ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದಾಗ ಪರದೆಯ ಮೇಲಿನ ಬಾಣ ತಾನಾಗಿಯೇ ಓಡಾಡತೊಡಗಿತು. ಮೌಸ್ ಮೇಲಿಟ್ಟ ಚೆಂಡುಹೂ ಅಲುಗಿರಲೇ ಇಲ್ಲ.

ಕಮಲಾಪುರದ ಗೊಬ್ಬರದಂಗಡಿಯಲ್ಲಿ ಆಗ ಬಿಲ್ ಮಾಡುತ್ತಿದ್ದವಳು ನಾನು. ಗುಲ್ಬರ್ಗದ ಮಾಲೀಕರು ಅಲ್ಲಿಂದಲೇ ಈ ಕಂಪ್ಯೂಟರ್ ನಡೆಸುವಂತೆ, ಅವರು ಫೋನಿನಲ್ಲಿ ಹೇಳಿದ ಹಾಗೆ ಹಿಂದಿನ ದಿನವಷ್ಟೇ ಎಲ್ಲ ಸಜ್ಜುಮಾಡಿದ್ದೆ. ಆದರೆ ಅಂದು ಖಂಡೇನವಮಿ, ಆಯುಧಪೂಜೆಯ ದಿನ. ಪೂಜೆಗಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಫೋನ್ ಮಾಡಿದೆ.

“ಸಾವ್ಕಾರ್ರ, ಪೂಜಾಕ್ಕ ಇಟ್ಟೀನ್ರಿ, ಇವತ್ತು ಮುಟ್ಟಬಾರ್ದು.”

ಅವರು ನಕ್ಕರು. “ನಾ ಎಲ್ಲಿ ಮುಟ್ಟೀನಿ? ಇಲ್ಲಿ ಗುಲ್ಬರ್ಗಾದಾಗ ಕುಂತೀನಿ. ನೀವೂ ಮುಟ್ಟಬ್ಯಾಡ್ರಿ ಅಕ್ಕಾರ. ನಾಳಿಂದ ಬಿಲ್ ಎಲ್ಲಾ ನಾವ ಇಲ್ಲಿಂದ ಮಾಡ್ತೀವಿ.”

ಈಗ ಮನೆಯಲ್ಲಿ ಮಗಳ ಕಂಪ್ಯೂಟರ್ ಇದೆ. ಖಂಡೇನವಮಿಗೆ ಈಳಿಗೆ, ಕತ್ತರಿ, ಒನಕೆಗೆಲ್ಲ ಕುಂಕುಮ ಹಚ್ಚುತ್ತೇನೆ. ಆ ಕಂಪ್ಯೂಟರ್‌ಗೆ ಮಾತ್ರ ಹಚ್ಚುವುದಿಲ್ಲ.