ಅಪ್ಪನ ಟವೆಲ್ ಹಿಡಿದ ಸೀಟು

ದೆವ್ವ, ಭೂತ ಅಂದವರ ಮುಂದೆ ಹೊಟ್ಟೆ ಹುಣ್ಣಾಗುವಂತೆ ನಕ್ಕವನು ನಾನು. ನಿಪ್ಪಾಣಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ನಗದಿದ್ದರೆ ಸಂಬಳಕ್ಕೇ ಅವಮಾನ. ಈಗಲೂ ಯಾರಾದರೂ ಇಂಥದ್ದನ್ನು ಹೇಳಲು ಹೊರಟರೆ ಅರ್ಧಕ್ಕೇ ತಡೆದು ಪ್ರಶ್ನೆ ಕೇಳುತ್ತೇನೆ. ಆದ್ದರಿಂದ ನೀವು ನನ್ನನ್ನು ನಂಬಲೇಬೇಕು ಅಂತ ಹಟವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೇ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಬೆನ್ನಿಗೊಂದು ಚೀಲ ಏರಿಸಿ ಕಾಕಸಸ್ ಪರ್ವತ ನೋಡಲು ಹೊರಟೆ. ತೆಹರಾನ್ ತನಕ ವಿಮಾನ, ಅಲ್ಲಿಂದ ಮುಂದೆ ಬರೀ ಬಸ್ಸು. ಅರ್ಮೇನಿಯಾ ದಾಟಿ ಜಾರ್ಜಿಯಾ ಮುಟ್ಟುವವರೆಗೆ ಒಂದು ಟ್ಯಾಕ್ಸಿ ಹತ್ತಲಿಲ್ಲ, ಒಂದು ದೊಡ್ಡ ಹೋಟೆಲಿನಲ್ಲಿ ಮಲಗಲಿಲ್ಲ. ರಾಯಬಾಗ ತಾಲೂಕಿನ ಅಲಖನೂರಿನವನು, ಕೆಂಪು ಬಸ್ಸಿನ ಬಾಗಿಲಿಗೆ ಜೋತುಬಿದ್ದೇ ಕಾಲೇಜು ಕಲಿತವನು. ಆ ದೇಶಗಳ ನೂಕುನುಗ್ಗಲು ನನಗೆ ಏನು ಮಹಾ! ಈ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ.

ಹೊರಡುವ ದಿನ ಅವ್ವ ಅಪ್ಪನ ಟವೆಲ್ ಕೈಗಿಟ್ಟಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

"ಇದು ಜೋಡಿ ಇದ್ರ ಎಲ್ಲಿ ಹೋದ್ರೂ ಸೀಟ ಸಿಗತೈತಿ. ಆದ್ರ ಅವರದಂತ ಉಳದದ್ದು ಇದೊಂದ. ಹೊಳ್ಳಿ ತರದಿದ್ರ ನನಗ ಮಾರಿ ತೋರಸಬ್ಯಾಡ," ಅಂದಿದ್ದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದರೆ ಆ ಸೀಟು ಟವೆಲ್ಲಿನವರದು. ಈ ವಿದ್ಯೆಯಲ್ಲಿ ಅಪ್ಪನನ್ನು ಮೀರಿಸುವವರು ಚಿಕ್ಕೋಡಿ ಸ್ಟ್ಯಾಂಡಿನಲ್ಲೇ ಇರಲಿಲ್ಲ. ಆದರೆ ಹಾಗೆ ಹಿಡಿದ ಸೀಟಿನಲ್ಲಿ ಅವನು ಕೂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅವ್ವನಿಗೋ ನಮಗೋ ಕೊಡುವನು. ಇಲ್ಲವೇ ಕೂಸು ಎತ್ತಿಕೊಂಡ ಯಾವಳಿಗೋ ಕೊಟ್ಟು ತಾನು ಕಂಬಿ ಹಿಡಿದು ನಿಲ್ಲುವನು. ಕೇಳಿದರೆ, "ನಾ ನಿಂತರ ಬಸ್ ಏನ ತಡಾ ಆಗತೈತೇನ?" ಅಂತ ನಗುವನು. ಸಂತೆಯಿಂದ ಬರುವಾಗ ಅದೇ ಟವೆಲ್ಲಿನ ತುದಿಯಲ್ಲಿ ನಮಗೆಂದು ಶೇಂಗಾವೋ ಬೆಲ್ಲವೋ ಗಂಟು ಕಟ್ಟಿರುತ್ತಿತ್ತು.

ಟಿಬಿಲಿಸಿಯ ಸ್ಟ್ಯಾಂಡಿನಲ್ಲಿ ಒಂದು ಬೆಳಿಗ್ಗೆ, ಹಿಮದ ಬೆಟ್ಟಗಳ ನಡುವಿನ ಕಜ್ಬೇಗಿ ಎಂಬ ಊರಿಗೆ ಹೋಗುವ ಸಣ್ಣ ಗಾಡಿ ನಿಂತಿತ್ತು. ನಮ್ಮ ಕಡೆಯ ವಡಾಪ್ ಜೀಪು ಇದ್ದಂತೆಯೇ, ಸೀಟು ತುಂಬಿದರೆ ಹೊರಡುವುದು. ಒಂದೇ ಒಂದು ಕಿಟಕಿ ಸೀಟು ಖಾಲಿ. ಕೈ ಕೇಳಬೇಕಲ್ಲ! ಟವೆಲ್ ಎಸೆದು, ಬ್ರೆಡ್ಡು ಕೊಳ್ಳಲು ಹೋದೆ. ತಿರುಗಿ ಬಂದರೆ ಗಾಡಿಯೇ ಇಲ್ಲ.

ಟವೆಲ್ಲಿಗೆ ಮರ್ಯಾದೆ ಕೊಡುವ ಪದ್ಧತಿ ಆ ದೇಶದಲ್ಲಿ ಇರಲಾರದು ಅನ್ನುವಷ್ಟು ಬುದ್ಧಿಯೂ ಈ ಮಾಸ್ತರನಿಗೆ ಇರಲಿಲ್ಲ. ಮುಂದಿನ ಗಾಡಿ ಹಿಡಿದು ಮೂರು ತಾಸು ಹೋದೆ. ನೋಡಬೇಕೆಂದು ಅಷ್ಟು ದೂರ ಬಂದ ಹಿಮವನ್ನು ಕಣ್ಣೆತ್ತಿ ನೋಡಲಿಲ್ಲ. ಅವ್ವನಿಗೆ ಏನು ಹೇಳಲಿ ಅನ್ನುವುದೊಂದೇ ಚಿಂತೆ.

ಮಧ್ಯಾಹ್ನ ಊರು ಮುಟ್ಟಿದಾಗ ಮೊದಲಿನ ಗಾಡಿ ಚೌಕದಲ್ಲೇ ನಿಂತಿತ್ತು. ಓಡಿಹೋದೆ. ಕಿಟಕಿ ಸೀಟಿನ ಮೇಲೆ ಟವೆಲ್ ಇತ್ತು, ನೀಟಾಗಿ ನಾಲ್ಕು ಮಡಿಕೆ ಮಾಡಿ. ನಾನು ಎಸೆದದ್ದು ಮುದ್ದೆ ಮಾಡಿ.

ನನ್ನನ್ನು ಬಿಟ್ಟು ಯಾಕೆ ಬಂದೆ ಅಂತ ಡ್ರೈವರನ ಮೇಲೆ ರೇಗಿದೆ. ಅದೇ ಗಾಡಿಯಲ್ಲಿ ಬಂದಿದ್ದ ಹೆಂಗಸೊಬ್ಬಳಿಗೆ ಇಂಗ್ಲಿಷ್ ಬರುತ್ತಿತ್ತು. ಅವನ ಮಾತನ್ನು ಆಕೆ ತಿಳಿಸಿದಳು. ಸೀಟು ಖಾಲಿ ಇರಲಿಲ್ಲವಂತೆ. ತಲೆಗೆ ರುಮಾಲು ಸುತ್ತಿ, ಸೊಂಟಕ್ಕೆ ಬಿಳಿ ಬಟ್ಟೆ ಉಟ್ಟ ಮುದುಕನೊಬ್ಬ ಕೂತಿದ್ದನಂತೆ. ಆಕೆಯನ್ನು ಕಂಡವನೇ ಎದ್ದು, ಕೂತುಕೋ ಅಂತ ಕೈಮಾಡಿದನಂತೆ. ಆಕೆಯೇ ಅವನನ್ನು ಒತ್ತಾಯಿಸಿ ಕೂರಿಸಿದಳಂತೆ. ಆಮೇಲೆ ದಾರಿಯುದ್ದಕ್ಕೂ ಗಾಜಿಗೆ ಹಣೆ ಹಚ್ಚಿ ಹೊರಗೆ ನೋಡಿದ್ದೇ ನೋಡಿದ್ದಂತೆ. ಘಾಟಿನ ಮೇಲೆ ಗಾಡಿ ನಿಂತಾಗ ಇಳಿದು ಹಿಮ ಮುಟ್ಟಿ ನೋಡಿದನಂತೆ. ಈ ಊರಿನಲ್ಲಿ ಇಳಿದದ್ದನ್ನು ಮಾತ್ರ ಯಾರೂ ಕಂಡಿಲ್ಲ.

"ನಿಮ್ಮವರೇ ಅಲ್ಲವೇ?" ಅಂತ ಆಕೆ ನನ್ನನ್ನೇ ಕೇಳಿದಳು.

ಟವೆಲ್ ಎತ್ತಿಕೊಂಡೆ. ಒಂದು ತುದಿಯಲ್ಲಿ ಗಂಟು ಇತ್ತು. ಮುಟ್ಟಿದರೆ ತಣ್ಣಗೆ. ಹಿಸುಕಿದೆ, ಒಳಗೆ ಏನೂ ಇರಲಿಲ್ಲ, ಬೆರಳಿಗೆ ನೀರು ಹತ್ತಿತು. ಆ ಚೌಕದಲ್ಲಿ ನಾಚಿಕೆ ಬಿಟ್ಟು ಅತ್ತೆ.

ಅಂದಿನಿಂದ ಎಷ್ಟೋ ಸಲ ನನಗೆ ನಾನೇ ಪಾಠ ಹೇಳಿಕೊಂಡಿದ್ದೇನೆ. ಅಲ್ಲಿಯವನೇ ಯಾರೋ ಮುದುಕ, ಅಲ್ಲಿಯದೇ ಯಾವುದೋ ಉಡುಗೆಯಲ್ಲಿ, ಟವೆಲ್ ಸರಿಸಿ ಕೂತಿರಬಹುದು. ಹಿಮ ಮುಟ್ಟಿದ ಕೈ ಒರೆಸಿಕೊಂಡಿರಬಹುದು. ಸರಿಯಪ್ಪ, ಒಪ್ಪಿದೆ. ಗಂಟು ಯಾಕೆ ಹಾಕಿದ? ಇಲ್ಲಿಗೆ ಬಂದು ನನ್ನ ವಿಜ್ಞಾನ ನಿಂತುಬಿಡುತ್ತದೆ.

ಊರಿಗೆ ಬಂದವನು ಅಂಜುತ್ತಲೇ ಅವ್ವನಿಗೆ ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಆಕೆ ಅಳಲಿಲ್ಲ, ಆ ಗಂಟನ್ನು ಬಿಚ್ಚಲೂ ಇಲ್ಲ. ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಓಣಿಗೆಲ್ಲ ಕೇಳುವಂತೆ ಅಂದಳು:

"ಅದರಾಗ ವಿಚಿತ್ರ ಏನೈತೋ ಮಾಸ್ತರಾ? ಟವೆಲ್ ಯಾರದು, ಸೀಟ ಅವರದ. ಒಮ್ಮೆ ಆದ್ರೂ ಕುಂತ ಹೋದರಲ್ಲ, ಸಾಕು."